ಅಜ್ಜಿಗೆ ಅರ್ಥವಾದರೆ ಪಾಸು

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಕಾಲೇಜಿಗೆ ಸೇರಿದ ಮೊದಲ ವರ್ಷ ಮನೆಯಲ್ಲಿ ಮಾತು ಕಡಿಮೆ ಮಾಡುತ್ತಾರೆ. ಇದನ್ನು ನೀವೂ ಗಮನಿಸಿರಬಹುದು. ಓದಿನ ಭಾರ ಹೆಚ್ಚಾಗಿದೆ ಎಂದು ನಾವು ದೊಡ್ಡವರು ಸಮಾಧಾನ ಮಾಡಿಕೊಳ್ಳುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಮೊಮ್ಮಗಳು ಭದ್ರಾವತಿಯ ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನೂರಕ್ಕೆ ತೊಂಬತ್ತೆರಡು ತೆಗೆದಿದ್ದಳು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ಆ ಎರಡು ವರ್ಷ ಗೈಡುಗಳನ್ನು ಬಾಯಿಪಾಠ ಮಾಡಿ ದಾಟಿದಳು. ಬಿ.ಎಸ್ಸಿ.ಗೆ ಶಿವಮೊಗ್ಗದ ಒಂದು ಕಾಲೇಜಿಗೆ ಸೇರಿದ ಮೇಲೆ ಬಾಯಿಪಾಠ ಸಾಲದಾಯಿತು.

ಮೊದಲ ಸೆಮಿಸ್ಟರಿನ ಕಿರುಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಹತ್ತಕ್ಕೆ ಮೂರು ಬಂತು. ಅದಕ್ಕಿಂತ ನೋವಾದದ್ದು ಪ್ರಯೋಗಾಲಯದ ಮೌಖಿಕ ಪರೀಕ್ಷೆಯಲ್ಲಿ. ಪ್ರಶ್ನೆ ಇಂಗ್ಲಿಷಿನಲ್ಲಿ ಬಂತು. ಉತ್ತರ ಗೊತ್ತಿತ್ತು, ಆದರೆ ವಾಕ್ಯ ಕೂಡಿಬರಲಿಲ್ಲ. ಸುಮ್ಮನೆ ನಿಂತಳು. "ಕನ್ನಡ ಮೀಡಿಯಮ್ಮಾ?" ಎಂದು ಎಲ್ಲರ ಎದುರು ಕೇಳಿದರಂತೆ. ಕೇಳಿದವರಿಗೆ ಅದು ಒಂದು ಸಣ್ಣ ಮಾತು. ಇವಳು ಆ ಮಾತನ್ನು ಹದಿನೈದು ದಿನ ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದಳು. ಒಂದು ಭಾನುವಾರ ಊಟಕ್ಕೆ ಕೂತಾಗ, "ಅಜ್ಜ, ನಾನು ಸೈನ್ಸ್ ಬಿಟ್ಟುಬಿಡ್ತೀನಿ. ಕೆಮಿಸ್ಟ್ರಿ ಇಷ್ಟ. ಆದ್ರೆ ನಂಗೆ ಆಗಲ್ಲ" ಅಂದಳು.

ಅವಳ ಅಪ್ಪ, ಅಂದರೆ ನನ್ನ ಮಗ, "ಹೋಗ್ಲಿ ಬಿಡು, ಬೇರೆ ಏನಾದ್ರೂ ಓದು" ಎಂದ. ಮಗಳ ಕಣ್ಣೀರು ನೋಡಲಾಗದೆ ಆಡಿದ ಮಾತು ಅದು. ಅವಳ ಅಜ್ಜಿ ಮಾತ್ರ ಪಲ್ಯ ಬಡಿಸುತ್ತಾ, "ಯಾವ್ದು ಆಗಲ್ಲ? ಕೆಮಿಸ್ಟ್ರಿನೋ, ಇಂಗ್ಲಿಷೋ? ಅದನ್ನ ಮೊದ್ಲು ಹೇಳು" ಎಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನನ್ನ ಹೆಂಡತಿ. ಇಡೀ ಸಮಸ್ಯೆಯನ್ನು ಎರಡು ಹೋಳು ಮಾಡಿ ಇಟ್ಟವಳು ಅವಳೇ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಕ್ಕಳಿಗೆ ಗೊತ್ತಿರಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ ಉತ್ಪಾದನೆ ಶುರುಮಾಡಿದ ಕಾರ್ಖಾನೆ ಇದು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಮೊದಮೊದಲು ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಿಲಿನಿಂದಲೇ ಇಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ನಾನು ಸೇರಿದ್ದು 1973ರಲ್ಲಿ. ನಾನೂ ಕನ್ನಡ ಮಾಧ್ಯಮದವನೇ. ಕರಗಿದ ಕಬ್ಬಿಣದ ಸ್ಯಾಂಪಲ್ಲಿನಲ್ಲಿ ಇಂಗಾಲ ಎಷ್ಟಿದೆ, ಸಿಲಿಕಾನ್ ಎಷ್ಟಿದೆ ಎಂದು ನೋಡಿ ವರದಿ ಬರೆಯುವುದು ನಮ್ಮ ಕೆಲಸ. ವರದಿ ಇಂಗ್ಲಿಷಿನಲ್ಲಿ. ಹಳೆಯ ದಪ್ಪ ರಿಜಿಸ್ಟರುಗಳೇ ನನ್ನ ಇಂಗ್ಲಿಷ್ ಮೇಷ್ಟರು.

ಆ ಭಾನುವಾರ ಸಂಜೆ ಅವಳ ಪಠ್ಯಪುಸ್ತಕದ ಒಂದು ಪುಟ ತೆಗೆಸಿ, ಗೊತ್ತಿಲ್ಲದ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೇಳಿದೆ. ಪುಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಗೆರೆ ಬಿದ್ದವು. ನೋಡಿದರೆ ಅದರಲ್ಲಿ ರಸಾಯನಶಾಸ್ತ್ರದ ಪದ ಎರಡೋ ಮೂರೋ ಇದ್ದವು, ಅಷ್ಟೇ. ಆಕ್ಸಿಡೇಶನ್ ಗೊತ್ತು, ವೇಲೆನ್ಸಿ ಗೊತ್ತು. ಗೊತ್ತಿಲ್ಲದ್ದು ಹೆನ್ಸ್, ವೇರ್‌ಯಾಸ್, ಕಾನ್ಸ್ಟಿಟ್ಯೂಟ್, ಡಿರೈವ್, ಅಸ್ಯೂಮ್, ಸಬ್ಸೀಕ್ವೆಂಟ್ ಇಂಥವು. ಇವು ಯಾವ ಶಾಸ್ತ್ರಕ್ಕೂ ಸೇರಿದವಲ್ಲ, ಎಲ್ಲ ಶಾಸ್ತ್ರಕ್ಕೂ ಬೇಕಾದವು. ಮನೆ ಕಟ್ಟುವಾಗ ಇಟ್ಟಿಗೆಯ ಬೆಲೆ ಎಲ್ಲರೂ ಕೇಳುತ್ತಾರೆ, ನಡುವಿನ ಗಾರೆಯ ಲೆಕ್ಕ ಯಾರೂ ಕೇಳುವುದಿಲ್ಲ. ಇವು ಆ ಗಾರೆಯ ಪದಗಳು. ಮೇಷ್ಟ್ರುಗಳು ಇಟ್ಟಿಗೆಯನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಾರೆ. ಗಾರೆ ಎಲ್ಲರಿಗೂ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತಾರೆ.

ಇದನ್ನು ನಾನೊಬ್ಬನೇ ಕಂಡುಹಿಡಿದೆ ಎಂದು ಎರಡು ದಿನ ಹಿಗ್ಗಿದ್ದೆ. ಆಮೇಲೆ ಅವಳ ಕಾಲೇಜಿನ ಇನ್ನೊಬ್ಬ ಮೇಡಂ (ಒಳ್ಳೆಯವರು ಎಲ್ಲ ಕಡೆಯೂ ಇರುತ್ತಾರೆ) ಒಂದು ಪಟ್ಟಿ ಕೊಟ್ಟು ಕಳಿಸಿದರು. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ 2000ದಲ್ಲಿ ಪ್ರಕಟಿಸಿದ ಪಟ್ಟಿ ಅದು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕೂ ಕಡೆಯ ವಿಶ್ವವಿದ್ಯಾಲಯ ಮಟ್ಟದ ಬರಹಗಳನ್ನು, ಒಟ್ಟು ಸುಮಾರು 35 ಲಕ್ಷ ಪದಗಳಷ್ಟನ್ನು ಜರಡಿ ಹಿಡಿದು, ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ಪದಗಳನ್ನು ಆರಿಸಿದ್ದಾರೆ. ದಿನಬಳಕೆಯ ಎರಡು ಸಾವಿರ ಪದಗಳನ್ನು ಮೊದಲೇ ಬಿಟ್ಟಿದ್ದಾರೆ. ಉಳಿದದ್ದು 570 ಪದಕುಟುಂಬ. ಕುಟುಂಬ ಅಂದರೆ ನಮ್ಮ ಬರೆ, ಬರಹ, ಬರವಣಿಗೆ, ಬರಹಗಾರ ಇದ್ದ ಹಾಗೆ. ಅಲ್ಲಿ ಅನಲೈಜ್, ಅನಾಲಿಸಿಸ್, ಅನಲಿಟಿಕಲ್. ಶಾಸ್ತ್ರದ ಪುಸ್ತಕದ ಪ್ರತಿ ಹತ್ತು ಪದಗಳಲ್ಲಿ ಹೆಚ್ಚುಕಡಿಮೆ ಒಂದು ಈ ಪಟ್ಟಿಯದ್ದೇ ಎಂದು ಅವರ ಲೆಕ್ಕ.

ಮೊಮ್ಮಗಳು ಪಟ್ಟಿ ನೋಡಿ ಬೆವರಿದಳು. ನಾನು ಕಾರ್ಖಾನೆಯವನು, ಭಾಗಿಸಿ ತೋರಿಸಿದೆ. ದಿನಕ್ಕೆ ಮೂರು ಎಂದರೆ 190 ದಿನ. ಯುಗಾದಿಯಿಂದ ನವರಾತ್ರಿ ಅಷ್ಟೇ ದೂರ.

ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿರಲಿಲ್ಲ. ಗೈಡಿನ ಬದಲು ಪಟ್ಟಿ ಬಂದಂತೆ ಆಗುತ್ತದಲ್ಲ! ಆಗ ಸಹಾಯಕ್ಕೆ ಬಂದದ್ದು ನಮ್ಮ ಪ್ರೌಢಶಾಲೆಯ ಕನ್ನಡ ವ್ಯಾಕರಣ.

ಮಕ್ಕಳೇ, ಹಲ್ಲು ನೋವಾದರೆ 'ಹಲ್ಲು ನೋವು' ಅನ್ನುತ್ತೇವೆ. ಆದರೆ ವೈದ್ಯರ ಬೋರ್ಡಿನಲ್ಲಿ 'ದಂತವೈದ್ಯರು' ಎಂದಿರುತ್ತದೆ. ಕಣ್ಣು ಮನೆಯ ಮಾತು, ನೇತ್ರ ಆಸ್ಪತ್ರೆಯ ಮಾತು. ಕುಡಿಯುವುದು ನೀರು, ಇಲಾಖೆ ಮಾತ್ರ ಜಲಸಂಪನ್ಮೂಲ. ಮನೆಗೆ ಅಚ್ಚಗನ್ನಡ, ಶಾಸ್ತ್ರಕ್ಕೆ ಸಂಸ್ಕೃತದಿಂದ ಬಂದ ತತ್ಸಮ. ಇಂಗ್ಲಿಷಿನಲ್ಲೂ ಇದೇ ಕಥೆ. ಟೂತ್ ಮನೆಯದು, ಡೆಂಟಲ್ ಆಸ್ಪತ್ರೆಯದು. ಸನ್ ಮನೆಯದು, ಸೋಲಾರ್ ಶಾಸ್ತ್ರದ್ದು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು. ವಿದ್ವಾಂಸರ ಭಾಷೆ ಲ್ಯಾಟಿನ್ ಆಗಿತ್ತು. ಹಾಗಾಗಿ ಅವರ ದೊಡ್ಡ ದೊಡ್ಡ ಪದಗಳೆಲ್ಲ ಹೆಚ್ಚಾಗಿ ಅಲ್ಲಿಂದ ಬಂದವು. ಅವೇ ಇಂಗ್ಲಿಷಿನ ತತ್ಸಮಗಳು. ಇಂಗ್ಲೆಂಡಿನ ರೈತನ ಮಗುವಿಗೂ ಈ ಪದಗಳು ಹುಟ್ಟಿನಿಂದ ಬಂದವಲ್ಲ, ಶಾಲೆಗೆ ಹೋಗಿಯೇ ಕಲಿಯಬೇಕು. ಇದನ್ನು ಕೇಳಿ ಮೊಮ್ಮಗಳ ಮುಖ ಸ್ವಲ್ಪ ಅರಳಿತು.

ಇನ್ನೊಂದು ಚೋದ್ಯವಿದೆ. ದಂತ ಮತ್ತು ಡೆಂಟಲ್ ಒಂದೇ ಥರ ಕೇಳಿಸುತ್ತವೆ ಅಲ್ಲವೇ? ಅದು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದ ದಾಯಾದಿಗಳಿರಬೇಕು ಎಂದು ಸರ್ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದರು. ದಶ ಮತ್ತು ಡೆಸಿಮಲ್, ಮಾತೃ ಮತ್ತು ಮೆಟರ್ನಲ್, ನಾಮ ಮತ್ತು ನಾಮಿನಲ್, ಪರಿಧಿಯ 'ಪರಿ' ಮತ್ತು ಪೆರಿಫೆರಿಯ 'ಪೆರಿ', ಅಂತರ್ ಮತ್ತು ಇಂಟರ್. ನನ್ನ ಲ್ಯಾಬಿನಲ್ಲಿ ಸಿಲಿಕಾನ್ ನೋಡಬೇಕಾದರೆ ಸ್ಯಾಂಪಲ್ಲನ್ನು ಆಮ್ಲದಲ್ಲಿ ಕರಗಿಸಿ, ಸೋಸಿ, ಉಳಿದದ್ದನ್ನು ಕಾಗದದ ಸಮೇತ ಮೂಸೆಯಲ್ಲಿಟ್ಟು ಸುಡುತ್ತಿದ್ದೆವು. ಅದಕ್ಕೆ 'ಇಗ್ನೈಟ್' ಮಾಡುವುದು ಎನ್ನುತ್ತಾರೆ. ಇಗ್ನೈಟ್‌ನೊಳಗೆ ಕೂತಿರುವ ಲ್ಯಾಟಿನ್ 'ಇಗ್ನಿಸ್' ನಮ್ಮ 'ಅಗ್ನಿ'ಯ ಒಡಹುಟ್ಟು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಬೆಂಕಿಪುರದ ಹುಡುಗಿಗೆ ಇಗ್ನೈಟ್ ಪದ ಮರೆಯಬಾರದು ಎಂದೆ. ಮರೆಯಲಿಲ್ಲ. ಎಲ್ಲ ಪದಕ್ಕೂ ಹೀಗೆ ನೆಂಟಸ್ತಿಕೆ ಸಿಗುವುದಿಲ್ಲ, ಕೇಳಲು ಒಂದೇ ಥರ ಇದ್ದು ಸಂಬಂಧವೇ ಇಲ್ಲದವೂ ಇವೆ. ಅದಕ್ಕೇ ನಿಘಂಟು ಪಕ್ಕದಲ್ಲಿರಬೇಕು.

ಪದ ಗೊತ್ತಾದರೂ ವಾಕ್ಯ ಬಗ್ಗುತ್ತಿರಲಿಲ್ಲ. ಅವಳ ಪುಸ್ತಕದಲ್ಲಿ ಇಂಥ ಒಂದು ವಾಕ್ಯವಿತ್ತು: 'ದಿ ಸಾಲ್ಟ್ ವಿಚ್ ವಾಸ್ ಫಾರ್ಮ್ಡ್ ವೆನ್ ದಿ ಟೂ ಸಲ್ಯೂಷನ್ಸ್ ವರ್ ಮಿಕ್ಸ್ಡ್ ವಾಸ್ ಫಿಲ್ಟರ್ಡ್.' ಪದ ಎಲ್ಲ ಸುಲಭ. ಆದರೂ ಎರಡು ಸಲ ಓದಿ ಕೈಚೆಲ್ಲಿದಳು. ಕನ್ನಡದಲ್ಲಿ ಹೇಳಿ ನೋಡಿ: 'ಎರಡು ದ್ರಾವಣಗಳನ್ನು ಬೆರೆಸಿದಾಗ ಉಂಟಾದ ಲವಣವನ್ನು ಸೋಸಲಾಯಿತು.' ನಾವು ವಿಶೇಷಣವನ್ನೆಲ್ಲ ಮುಂದೆ ನಡೆಸಿ, ಹಿಂದೆ ಲವಣವನ್ನು ಕರೆತರುತ್ತೇವೆ. ದಸರಾ ಮೆರವಣಿಗೆಯಲ್ಲಿ ತಂಡಗಳೆಲ್ಲ ಹೋದ ಮೇಲೆ ಅಂಬಾರಿ ಬರುವ ಹಾಗೆ. ಇಂಗ್ಲಿಷಿನಲ್ಲಿ ಅಂಬಾರಿ ಮೊದಲು, ತಂಡಗಳು ಅದರ ಹಿಂದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕೂತಿರುತ್ತದೆ, ಹುಡುಕುವ ಕೆಲಸವೇ ಇಲ್ಲ. ಅಲ್ಲಿ ಅದು ನಡುವೆ ಎಲ್ಲೋ ಅಡಗಿರುತ್ತದೆ. ಆದ್ದರಿಂದ ಉದ್ದ ವಾಕ್ಯ ಬಂದರೆ ಮೊದಲು ಮುಖ್ಯ ಕ್ರಿಯಾಪದ ಹುಡುಕು, ಆಮೇಲೆ ಅದರ ಕರ್ತೃ ಅಥವಾ ಕರ್ಮ ಹುಡುಕು, ಬಾಲವನ್ನೆಲ್ಲ ಆವರಣದೊಳಗೆ ಹಾಕು ಎಂದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಪೆನ್ಸಿಲ್ ಹಿಡಿದು ಆವರಣ ಹಾಕುತ್ತಾ ಹೋಗುವುದು ಅವಳಿಗೆ ಆಟವೇ ಆಯಿತು. ಅವಳ ಪುಸ್ತಕದ ಆ ಗೆರೆಗಳು ಡೊಂಕಾಗಿರುವುದು ಬಸ್ಸಿನ ಕುಲುಕಾಟದಿಂದ.

ಬರವಣಿಗೆಗೆ ಬಂದಾಗ ನನ್ನ ರಿಜಿಸ್ಟರಿನ ಅನುಭವ ಕೆಲಸಕ್ಕೆ ಬಂತು. ಅವಳು ಪ್ರಯೋಗದ ವರದಿಯಲ್ಲಿ 'ಐ ಟುಕ್', 'ಐ ಮಿಕ್ಸ್ಡ್' ಎಂದು ಬರೆದಿದ್ದಳು. ಕೆಂಪು ಶಾಯಿ ಬಿದ್ದಿತ್ತು, ಕಾರಣ ಬರೆದಿರಲಿಲ್ಲ. ಕಾರ್ಖಾನೆಯ ರಿಜಿಸ್ಟರಿನಲ್ಲಿ 'ನಾನು' ಇರಲೇ ಇಲ್ಲ. 'ಸ್ಯಾಂಪಲ್ ವಾಸ್ ಡ್ರಿಲ್ಡ್, ವೇಯ್ಡ್ ಅಂಡ್ ಡಿಸಾಲ್ವ್ಡ್ ಇನ್ ಆಸಿಡ್', ಅಷ್ಟೇ. ಯಾಕೆ? ರಾತ್ರಿ ಪಾಳಿಯಲ್ಲಿ ನಾನು ಮಾಡಿದರೂ, ಬೆಳಿಗ್ಗೆ ಇನ್ನೊಬ್ಬ ಮಾಡಿದರೂ ಉತ್ತರ ಒಂದೇ ಬರಬೇಕು. ಮಾಡಿದವನು ಯಾರು ಎನ್ನುವುದಕ್ಕಿಂತ ಏನು ಮಾಡಲಾಯಿತು ಎನ್ನುವುದು ಮುಖ್ಯ. ಕನ್ನಡ ವ್ಯಾಕರಣದಲ್ಲಿ ನೀವೂ ಓದಿದ್ದೀರಿ: 'ರಾಮನು ರಾವಣನನ್ನು ಕೊಂದನು' ಕರ್ತರಿ ಪ್ರಯೋಗ, 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಕರ್ಮಣಿ ಪ್ರಯೋಗ. ಶಾಲೆಯಲ್ಲಿ ಇದನ್ನು ಯಾಕೆ ಕಲಿಸುತ್ತಾರೋ ಎಂದು ಗೊಣಗಿದವರಿಗೆ ಇಲ್ಲಿ ಉತ್ತರ ಸಿಗುತ್ತದೆ. ಈಗಿನ ವಿಜ್ಞಾನ ಪತ್ರಿಕೆಗಳಲ್ಲಿ 'ವಿ', ಅಂದರೆ 'ನಾವು' ಎಂದು ಬರೆಯುವುದೂ ಇದೆಯಂತೆ. ಇರಲಿ. ಮೊದಲು ಹಳೆಯ ದಾರಿ ಗೊತ್ತಿದ್ದರೆ ಹೊಸ ದಾರಿಯಲ್ಲಿ ಎಡವುವುದಿಲ್ಲ.

ಪ್ರಶ್ನೆಪತ್ರಿಕೆಯ ಕಥೆಯೂ ಇಂಥದ್ದೇ. ಹತ್ತಕ್ಕೆ ಮೂರು ಬಂದ ಉತ್ತರಪತ್ರಿಕೆ ತರಿಸಿ ನೋಡಿದೆ. 'ಡಿಸ್ಟಿಂಗ್ವಿಶ್ ಬಿಟ್ವೀನ್' ಎಂದು ಕೇಳಿದ್ದಕ್ಕೆ ಎರಡರ ವ್ಯಾಖ್ಯೆಯನ್ನೂ ಬೇರೆಬೇರೆ ಬರೆದಿಟ್ಟು ಬಂದಿದ್ದಳು. 'ವ್ಯತ್ಯಾಸ ತಿಳಿಸಿ' ಎಂದು ಕನ್ನಡದಲ್ಲಿ ಕೇಳಿದ್ದರೆ ನಡುವೆ ಗೆರೆ ಹಾಕಿ ಎದುರುಬದುರು ಬರೆಯುತ್ತಿದ್ದಳು. ಡಿಸ್ಕ್ರೈಬ್ ಎಂದರೆ ವರ್ಣಿಸಿ, ಡಿಸ್ಕಸ್ ಎಂದರೆ ಚರ್ಚಿಸಿ, ಜಸ್ಟಿಫೈ ಎಂದರೆ ಸಮರ್ಥಿಸಿ. ಎಲ್ಲವನ್ನೂ ಹತ್ತು ವರ್ಷ ಕನ್ನಡದಲ್ಲಿ ಮಾಡಿದವಳೇ ಅವಳು. ಬಾಗಿಲಿನ ಮೇಲಿನ ಬೋರ್ಡ್ ಬದಲಾಗಿತ್ತು, ಅಷ್ಟೇ.

ಇಷ್ಟೆಲ್ಲ ನನ್ನ ಪಾಲು. ಆದರೆ ನಿಜವಾಗಿ ಅವಳನ್ನು ಮೇಲೆತ್ತಿದ್ದು ಅಜ್ಜಿ ಎಂದೇ ನನ್ನ ಅನಿಸಿಕೆ.

ರಾತ್ರಿ ಊಟವಾದ ಮೇಲೆ ಅಜ್ಜಿ ಅವರೆಕಾಳು ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೂರುತ್ತಾಳೆ. ಮೊಮ್ಮಗಳು ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಮನಸ್ಸಿನಲ್ಲೇ ಓದಿಕೊಂಡು, ಪುಸ್ತಕ ಮುಚ್ಚಿ, ಅದರಲ್ಲಿ ಏನಿದೆ ಎಂದು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅಜ್ಜಿಗೆ ಅರ್ಥವಾದರೆ ಪಾಸು, ಇಲ್ಲದಿದ್ದರೆ ಮತ್ತೆ ಓದಬೇಕು. ಅಜ್ಜಿ ಸುಮ್ಮಸುಮ್ಮನೆ ತಲೆಯಾಡಿಸುವವಳಲ್ಲ.

ಒಂದು ರಾತ್ರಿ ಪಾಠ ಕ್ಯಾಟಲಿಸ್ಟ್, ಅಂದರೆ ಕ್ರಿಯಾವರ್ಧಕ. "ಅಜ್ಜಿ, ಎರಡು ವಸ್ತು ಸೇರೋದಕ್ಕೆ ತುಂಬಾ ಹೊತ್ತು ಬೇಕು ಅಂತಿಟ್ಕೊ. ಇನ್ನೊಂದು ವಸ್ತು ಸ್ವಲ್ಪ ಹಾಕಿದ್ರೆ ಬೇಗ ಸೇರ್ತವೆ."

"ಹಾಲಿಗೆ ಹೆಪ್ಪು ಹಾಕಿದ ಹಾಗಾ?"

ಮೊಮ್ಮಗಳು ಹೂಂ ಅನ್ನಲು ಬಾಯಿ ತೆರೆದವಳು ನಿಂತಳು. ಪುಸ್ತಕ ತೆರೆದು ಆ ಪ್ಯಾರಾ ಮತ್ತೆ ಓದಿದಳು. "ಅಲ್ಲ ಅಜ್ಜಿ. ಹೆಪ್ಪು ಹಾಲಿನೊಳಗೇ ಸೇರಿ ಹೋಗತ್ತೆ, ಅದೇ ಬೆಳೆದು ಮೊಸರಾಗತ್ತೆ. ಇದು ಹಾಗಲ್ಲ. ಕೆಲಸ ಮುಗಿದ ಮೇಲೆ ಹಾಕಿದಷ್ಟೇ ವಾಪಸ್ ಸಿಗತ್ತೆ. ತಾನು ಬದಲಾಗಲ್ಲ."

"ಹಾಗನ್ನು. ಮದುವೆ ಕುದುರಿಸೋ ಜೋಯಿಸರ ಥರ. ಎರಡು ಮನೆ ಸೇರಿಸಿ, ಊಟ ಮಾಡಿ, ತಮ್ಮ ಕೊಡೆ ತಗೊಂಡು ತಮ್ಮ ಮನೆಗೆ ಹೋಗ್ತಾರೆ."

"ಊಟ ಮಾಡಿದ್ರೆ ಬದಲಾದ ಹಾಗೆ ಅಜ್ಜಿ!"

"ಸರಿ, ಊಟ ಮಾಡಲ್ಲ."

ನಾವು ಮೂವರೂ ನಕ್ಕೆವು. ಮಾರನೆಯ ದಿನ ಅವಳು ಅದನ್ನೇ ಐದು ಸಾಲಿನಲ್ಲಿ, ಪುಸ್ತಕ ನೋಡದೆ, ಇಂಗ್ಲಿಷಿನಲ್ಲಿ ಬರೆದಳು. ವಾಕ್ಯಗಳು ಕುಂಟುತ್ತಿದ್ದವು, ಆದರೆ ಎಲ್ಲವೂ ಅವಳವೇ. ಬಾಯಿಪಾಠದ ಉತ್ತರದಲ್ಲಿ ಒಂದು ಪದ ಮರೆತರೆ ಮುಂದಿನದೆಲ್ಲ ಕುಸಿಯುತ್ತದೆ. ಅರ್ಥ ಗೊತ್ತಿದ್ದವರು ಮರೆತ ಪದದ ಜಾಗಕ್ಕೆ ಇನ್ನೊಂದನ್ನು ಇಡುತ್ತಾರೆ. ಶಾಲೆಯಲ್ಲಿ 'ಸಾರಾಂಶ ಬರೆಯಿರಿ' ಎಂದು ಕೇಳುತ್ತಾರಲ್ಲ, ಅದೇ ವಿದ್ಯೆ ಇದು. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಇದಕ್ಕೆ ಇನ್ನೂ ಬೆಲೆ. ಬೇರೆಯವರ ವಾಕ್ಯವನ್ನು ಎತ್ತಿ ತನ್ನದೆಂದು ಪ್ರಬಂಧದಲ್ಲಿ ಹಾಕಿಕೊಂಡರೆ ಅದನ್ನು ಕೃತಿಚೌರ್ಯ ಎನ್ನುತ್ತಾರೆ. ಅದನ್ನು ತಡೆಯಲು ಯುಜಿಸಿ 2018ರಲ್ಲಿ ನಿಯಮಾವಳಿಯನ್ನೇ ತಂದಿದೆ.

ಮೊಬೈಲಿನಲ್ಲಿ ಫೋಟೋ ಹೊಡೆದರೆ ಕನ್ನಡಕ್ಕೆ ಅನುವಾದ ಬರುತ್ತದಲ್ಲ, ಇಷ್ಟು ಕಷ್ಟ ಯಾಕೆ ಎಂದು ನನ್ನ ಮಗ ಕೇಳಿದ್ದುಂಟು. ಬರುತ್ತದೆ, ಅದನ್ನು ಬೇಡ ಅನ್ನಲಿಲ್ಲ. ಆದರೆ ತಾನು ಓದಿ ಅಜ್ಜಿಗೆ ಹೇಳಿದ ಮೇಲೆ ತಾಳೆ ನೋಡಲು ಮಾತ್ರ, ಮೊದಲೇ ಅಲ್ಲ ಎಂದು ಕರಾರು ಮಾಡಿದೆ. ಈ ಕರಾರು ಮುರಿದದ್ದು ಎಷ್ಟು ಸಲವೋ, ನಾನು ಪತ್ತೆ ಮಾಡಲು ಹೋಗಲಿಲ್ಲ.

ಇಂಗ್ಲಿಷಿಗೆ ಇಷ್ಟು ಒದ್ದಾಡಿದರೆ ಕನ್ನಡದ ಗತಿಯೇನು ಎಂದು ಕೆಲವು ಹಿರಿಯರು ಕೇಳಬಹುದು. ನಮ್ಮ ಜಿಲ್ಲೆಯವರು ಆ ಪ್ರಶ್ನೆಗೆ ಹೆದರಬೇಕಾಗಿಲ್ಲ. ಕುಪ್ಪಳಿಯ ಕುವೆಂಪು ಅವರ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದ್ದು. 1922ರಲ್ಲಿ ಬಂದದ್ದು, ಹೆಸರು 'ಬಿಗಿನರ್ಸ್ ಮ್ಯೂಸ್'. ತಾಯಿನುಡಿಯಲ್ಲಿ ಬರೆಯಿರಿ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದರು, ಮುಂದಿನದು ನಾಡಿಗೇ ಗೊತ್ತು. ಕನ್ನಡದಲ್ಲೇ ಶಿಕ್ಷಣವಾಗಬೇಕು ಎಂದು ಕೊನೆಯವರೆಗೂ ವಾದಿಸಿದವರೂ ಅವರೇ. ಕೊನಗವಳ್ಳಿಯ ಲಂಕೇಶ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರು ದೂರ್ವಾಸಪುರದಲ್ಲಿ ಸಂಸ್ಕೃತ ಪಾಠದಿಂದ ಶುರುಮಾಡಿ, 1966ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಅಲ್ಲಿದ್ದಾಗಲೇ ಕೂತು ಬರೆದದ್ದು 'ಸಂಸ್ಕಾರ' ಕಾದಂಬರಿ, ಕನ್ನಡದಲ್ಲಿ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಯೋಚಿಸಲು ಬಂದವರಿಗೆ ಇನ್ನೊಂದು ಭಾಷೆ ದಕ್ಕುವುದು ತಡವಾಗಬಹುದು, ದಕ್ಕದೇ ಹೋಗುವುದಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಅವಳಿಗೆ ದೊಡ್ಡ ಅಂಕವೇನೂ ಬರಲಿಲ್ಲ, ಪಾಸಾದಳು. ಸೈನ್ಸ್ ಬಿಡುವ ಮಾತು ಆಮೇಲೆ ಎತ್ತಲಿಲ್ಲ. ಮೂರನೆಯದರಲ್ಲಿ ಮೌಖಿಕ ಪರೀಕ್ಷೆಗೆ ಹೋದಾಗ ಉತ್ತರ ತಡವರಿಸಿತಂತೆ, ಆದರೆ ನಿಲ್ಲಲಿಲ್ಲ. "ಇಟ್ ಮೇ ಬಿ ಡ್ಯೂ ಟು" ಎಂದು ಶುರುಮಾಡಿದೆ ಅಜ್ಜ, ಅಂದಳು. 'ಇದರಿಂದ ಇರಬಹುದು' ಎಂದು. ಖಚಿತವಿಲ್ಲದಿದ್ದಾಗ ಖಚಿತವಿಲ್ಲ ಎಂದು ಹೇಳುವ ಆ 'ಮೇ' ಕೂಡ ಶಾಸ್ತ್ರದ ಇಂಗ್ಲಿಷಿನ ಒಂದು ಮುಖ್ಯ ಪಾಠವೇ. ಅಜ್ಜಿಗೆ ಅದನ್ನು ವಿವರಿಸಿದಾಗ, "ಮಳೆ ಬಂದ್ರೂ ಬರಬಹುದು ಅಂತ ದಿನಾ ಹೇಳ್ತೀನಲ್ಲ, ಅದೇ ತಾನೆ?" ಎಂದಳು.

ಈಗ ಅವಳು ನಮ್ಮ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಪದಗಳ ನೋಟ್‌ಬುಕ್ ಮೂರನೆಯದು ನಡೆಯುತ್ತಿದೆ. 'ಎ' ಮತ್ತು 'ದಿ' ಮಾತ್ರ ಇನ್ನೂ ಕಾಡುತ್ತವೆ. ಕನ್ನಡದಲ್ಲಿ ಅವು ಇಲ್ಲವಲ್ಲ! ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂದು ನನ್ನನ್ನು ಕೇಳುತ್ತಾಳೆ. ನಮ್ಮ ರಿಜಿಸ್ಟರಿನಲ್ಲಿ ಜಾಗ ಉಳಿಸಲು ಎರಡನ್ನೂ ಬಿಟ್ಟುಬಿಡುತ್ತಿದ್ದೆವು, ಹಾಗಾಗಿ ನನ್ನ ಸಲಹೆ ಅಲ್ಲಿ ನಡೆಯುವುದಿಲ್ಲ. ಮುಂದಿನ ವಾರ ಅವಳದೊಂದು ಸೆಮಿನಾರ್ ಇದೆ, ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ನಿನ್ನೆ ರಾತ್ರಿ ಇಡೀ ವಿಷಯವನ್ನು ಅಜ್ಜಿಗೆ ಕನ್ನಡದಲ್ಲಿ ಒಪ್ಪಿಸಿದಳು. ಅಜ್ಜಿ ಎರಡು ಕಡೆ ಫೇಲ್ ಮಾಡಿದ್ದಾಳೆ. ಇವತ್ತು ಮತ್ತೆ ಕೂರುತ್ತಾರಂತೆ.